ಕಡ್ಲಿ ಹೊಲ ಬಿಟ್ಟು ಥಾರ್‌ಗೆ: ಅಪ್ಪನ ಜೊತೆ ಏಳು ದಿನ

ರಾಜಸ್ಥಾನದ ಥಾರ್ ಮರುಭೂಮಿಗೆ ಮೊದಲು ಹೊರಡೋಣ ಅಂದ್ಕೊಂಡಿದ್ದು ನಾನು, ನನ್ನಾಕಿ, ಹನ್ನೊಂದು ವರ್ಷದ ಮಗಳು, ಮೂರೇ ಜನ. ಡಿಸೆಂಬರ್‌ನಲ್ಲಿ ಒಂದು ಭಾನುವಾರ ಹುಬ್ಬಳ್ಳಿ ಮನೇಲಿ ಮ್ಯಾಪ್ ತೆಗೆದುಕೊಂಡು ಕೂತಿದ್ವಿ, ಅಪ್ಪ ಊರಿಂದ ಬಂದಿದ್ರು, ಚಾ ಕುಡೀತಾ ನಮ್ಮ ಮಾತು ಕೇಳ್ತಾ ಇದ್ರು. ನಡುವೆ ಒಂದೇ ಪ್ರಶ್ನೆ ಕೇಳಿದ್ರು, "ಅಲ್ಲಿ ಮಳಿ ಎಷ್ಟ್ ಆಗ್ತೈತಿ?" ಜೈಸಲ್ಮೇರ್ ಕಡೆ ವರ್ಷಕ್ಕೆ 200 ಮಿ.ಮೀ. ಆಸುಪಾಸು ಅಂದೆ. ನಮ್ಮ ರೋಣದ ಕಡೆ ಸುಮಾರು 600 ಆಗುತ್ತೆ, ಅಷ್ಟಾದ್ರೂ ಬರ ಅನ್ನೋ ಮಾತು ನಮ್ಮೂರಿಗೆ ತಪ್ಪಿದ್ದಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅಲ್ಲಿ ಮಂದಿ ಏನ್ ಬೆಳೀತಾರ, ಏನ್ ಉಣ್ತಾರ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ ಹೇಳಿದ್ರು, "ನಾನೂ ಬರ್ತೀನಿ. ಕಡ್ಲಿ ಕೀಳೋದಕ್ಕ ಇನ್ನ ಟೈಮ್ ಐತಿ."

ಅಪ್ಪನಿಗೆ 71. ಹಾಗಾಗಿ ಪ್ಲ್ಯಾನ್ ಪೂರ್ತಿ ಬದಲಾಯ್ತು. ಬಾಡ್ಮೇರ್ ಕೈಬಿಟ್ವಿ, ದಿನಕ್ಕೆ 150 ಕಿ.ಮೀ.ಗಿಂತ ಜಾಸ್ತಿ ಓಡಿಸಬಾರದು ಅಂತ ಮಾಡ್ಕೊಂಡ್ವಿ (ಕೆಲವು ದಿನ ಅದು ಆಗ್ಲಿಲ್ಲ, ಆ ಮಾತು ಬೇರೆ). ನಮ್ಮ ಓಣಿಯ ಬಟ್ಟೆ ಅಂಗಡಿ ಸೇಠಜಿ ಮೂಲತಃ ರಾಜಸ್ಥಾನದ ಜಾಲೋರ್ ಕಡೆಯವರು, ಕನ್ನಡ ನಮ್ಮಂಗೇ ಮಾತಾಡ್ತಾರೆ, ಅವರ ಹತ್ರ ಹೋಗಿ ಕೇಳಿದ್ದು ಬಹಳ ಉಪಯೋಗ ಆಯ್ತು. ಕ್ರಿಸ್‌ಮಸ್ಸಿಂದ ಹೊಸ ವರ್ಷದ ತನಕ ಹೋಗ್ಲೇ ಬ್ಯಾಡ್ರಿ, ರೂಮಿನ ರೇಟು ಮೂರುಪಟ್ಟು ಇರ್ತದೆ, ಸಂಕ್ರಾಂತಿ ಮುಗಿಸಿ ಹೋಗ್ರಿ ಅಂದ್ರು. ಕತ್ತಲಾದ ಮೇಲೆ ಗಾಡಿ ಓಡಿಸಬ್ಯಾಡ್ರಿ, ನೀಲ್‌ಗಾಯ್ ಅನ್ನೋ ದೊಡ್ಡ ಕಾಡುಪ್ರಾಣಿ ಅಡ್ಡ ಬರ್ತಾವೆ, ಬಿಡಾಡಿ ದನ ರೋಡಿನ ಮೇಲೇ ಮಲಗಿರ್ತಾವೆ ಅಂತನೂ ಹೇಳಿದ್ರು. ಬಟ್ಟೆ ವಿಷಯದಲ್ಲಿ ಅವರು ಹೇಳಿದ್ದು, ಒಂದು ದಪ್ಪ ಜಾಕೆಟ್ ಹಾಕೋ ಬದಲು ಮೂರು ತೆಳು ಬಟ್ಟೆ ಒಂದರ ಮೇಲೊಂದು ಹಾಕ್ರಿ, ಮಧ್ಯಾಹ್ನ ಬಿಚ್ಚಬೇಕಾಗ್ತದೆ. ಅಪ್ಪ ಇದ್ಯಾವುದನ್ನೂ ಕೇಳದೆ ತಮ್ಮ ಕರಿ ಕಂಬಳಿ ಮಡಚಿ ಇಟ್ಕೊಂಡ್ರು. ಹುಬ್ಬಳ್ಳಿಯಿಂದ ಜೋಧ್‌ಪುರಕ್ಕೆ ನೇರ ರೈಲು ಇದೆ, ಅದರಲ್ಲೇ ಹೋಗಿ ಅಲ್ಲಿ ಕಾರು ಬಾಡಿಗೆಗೆ ತಗೊಂಡ್ವಿ.

ದಿನ 1, ಜೋಧ್‌ಪುರ

ಕಾರು ಕೈಗೆ ಸಿಗುವಾಗ ಹತ್ತೂವರೆ. ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿದ್ರೆ ಗಾಳಿನೇ ಇಲ್ಲ, ಅಲ್ಲೇ ತುಂಬಿಸ್ಕೊಂಡ್ವಿ. ಸಿಗರೇಟ್ ಲೈಟರ್‌ಗೆ ಸಿಕ್ಕಿಸೋ ಸಣ್ಣ ಏರ್ ಪಂಪ್ ಒಂದು ಮಾರ್ಕೆಟ್‌ನಲ್ಲಿ ಕೊಂಡೆ. ಆ ಪಂಪ್ ಐದನೇ ದಿನ ನಮ್ಮನ್ನ ಕಾಪಾಡ್ತು, ಆ ಕಥೆ ಮುಂದೆ ಬರುತ್ತೆ.

ಮೆಹರಾನ್‌ಗಢ ಕೋಟೆ ನೋಡಿದ್ವಿ, 1459ರಲ್ಲಿ ರಾವ್ ಜೋಧಾ ಶುರು ಮಾಡಿದ್ದು, ಕೆಳಗಿನ ನೀಲಿ ಮನೆಗಳು ಮೇಲಿಂದ ಚೆಂದ ಕಾಣ್ತವೆ, ಅದರ ಬಗ್ಗೆ ಎಲ್ರೂ ಬರೆದಿದ್ದಾರೆ. ಅಪ್ಪನಿಗೆ ಹಿಡಿಸಿದ್ದು ಕೋಟೆ ಅಲ್ಲ, ಹಳೇ ಪೇಟೆಯೊಳಗಿನ ತೂರ್‌ಜೀ ಕಾ ಝಾಲರಾ ಅನ್ನೋ ಮೆಟ್ಟಿಲು ಬಾವಿ. 1740ರ ದಶಕದಲ್ಲಿ ಇಲ್ಲಿಯ ರಾಣಿಯೊಬ್ರು ಕಟ್ಟಿಸಿದ್ದು, ನಡುವೆ ಕಸ ತುಂಬಿ ಮುಚ್ಚಿಹೋಗಿತ್ತು, ಈಚೆಗೆ ಹೂಳು ತೆಗೆದು ಸ್ವಚ್ಛ ಮಾಡಿದ್ದಾರೆ. ಕೆಂಪು ಕಲ್ಲಿನ ಮೆಟ್ಟಿಲು ಮೇಲಿಂದ ನೀರಿನ ತನಕ ಗೋಪುರ ತಲೆಕೆಳಗೆ ಇಟ್ಟ ಹಾಗೆ ಇಳಿದು ಹೋಗ್ತವೆ. ಅಪ್ಪ ಮೆಟ್ಟಿಲ ಮೇಲೆ ಕೂತು ಸುಮಾರು ಹೊತ್ತು ನೋಡಿ, "ನಮ್ಮ ಲಕ್ಕುಂಡಿ ಮುಸುಕಿನ ಬಾವಿ ನೆನಪಾತು. ಅದನ್ನೂ ಹಿಂಗ ಇಟ್ಕೊಂಡಿದ್ರ ಎಷ್ಟ್ ಚಂದಿತ್ತು" ಅಂದ್ರು. ಘಂಟಾಘರ್ (ಗಡಿಯಾರ ಗೋಪುರ) ಹತ್ರ ಮಿರ್ಚಿ ವಡಾ ತಿಂದ್ವಿ, ನಮ್ಮ ಮಿರ್ಚಿ ಬಜ್ಜಿಯ ಅಣ್ಣ ಅನ್ನಬಹುದು, ಒಳಗೆ ಆಲೂ ತುಂಬಿರ್ತಾರೆ, ಒಂದು ತಿಂದ್ರೆ ಊಟ ಬೇಡ.

ದಿನ 2, ಓಸಿಯಾಂ ದಾರಿಯಲ್ಲಿ ಫಲೋದಿಗೆ

ಬೆಳಿಗ್ಗೆ ಎಂಟಕ್ಕೆ ಹೊರಟ್ವಿ, ಸಣ್ಣಗೆ ಮಂಜು, ಗಾಳಿ ಕೊರೀತಿತ್ತು. ಅರವತ್ತೈದು ಕಿ.ಮೀ. ದೂರದಲ್ಲಿ ಓಸಿಯಾಂ, ಎಂಟನೇ ಶತಮಾನದಿಂದ ಶುರುವಾದ ದೇವಸ್ಥಾನಗಳಿರೋ ಊರು. ಸಚ್ಚಿಯಾ ಮಾತಾ ಗುಡಿ ಎತ್ತರದಲ್ಲಿದೆ, ಮೆಟ್ಟಿಲು ಹತ್ತಬೇಕು, ಅಪ್ಪ ಹತ್ತಿದ್ರು. ಸೂರ್ಯನ ಗುಡಿ ಹತ್ರ ಜನ ಕಡಿಮೆ, ಕಂಬಗಳ ಕೆತ್ತನೆ ನಿಧಾನವಾಗಿ ನೋಡೋಕಾಯ್ತು.

ಓಸಿಯಾಂ ದಾಟಿದ ಮೇಲೆ ರೋಡಿನ ಎರಡೂ ಕಡೆ ಮರಳಿನ ಹೊಲ, ಸಜ್ಜೆ ಕೊಯ್ದಾದ ಕೂಳೆ, ಅಲ್ಲಲ್ಲಿ ಎಕ್ಕೆ ಗಿಡ, ಮತ್ತೆ ಪ್ರತಿ ಹೊಲದಲ್ಲೂ ನಾಲ್ಕೈದು ಬೋಳು ಬೋಳಾದ ಮರ. ಅಪ್ಪ "ನಿಲ್ಸೋ ನಿಲ್ಸೋ" ಅಂದ್ರು. ಏನೋ ಆಯ್ತು ಅಂತ ಗಾಬರಿಯಾಗಿ ಬ್ರೇಕ್ ಹಾಕಿದೆ. ಇಳಿದು ಸೀದಾ ಮರದ ಹತ್ರ ಹೋಗಿ ಎಲೆ ಮುಟ್ಟಿ ನೋಡಿ, "ಇದು ಬನ್ನಿ ಗಿಡ ಅಲ್ಲೇನೋ!" ಅಂದ್ರು. ಹೌದು, ಬನ್ನಿನೇ. ಇಲ್ಲಿ ಖೇಜಡಿ ಅಂತಾರೆ. ನಾವು ವರ್ಷಕ್ಕೊಂದು ಸಲ ದಸರಾಕ್ಕೆ ನೆನೆಸ್ಕೊಂಡು, ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅಂತ ಹಂಚೋ ಗಿಡ, ಇಲ್ಲಿ ಹೊಲ ತುಂಬಾ ನಿಂತಿದೆ.

ಒಬ್ಬ ಹೆಂಗಸು ಮರದ ಮೇಲೆ ಹತ್ತಿ ಕೊಂಬೆ ಸವರ್ತಾ ಇದ್ರು, ಕೆಳಗೆ ಅವರ ಅತ್ತೆ ಇರಬೇಕು, ಎಲೆ ಒಟ್ಟು ಮಾಡ್ತಿದ್ರು. ಆಡಿಗೆ, ಒಂಟೆಗೆ ಒಣಗಿಸಿ ಇಡ್ತಾರಂತೆ, ಲೂಂಗ್ ಅಂತಾರೆ ಅದಕ್ಕೆ. ಚಳಿಗಾಲದಲ್ಲಿ ಸವರಿದ್ರೆ ಬೇಸಿಗೆಗೆ ಮತ್ತೆ ಚಿಗುರುತ್ತೆ. ಕಾಯಿ ಬಿಡೋದು ಬೇಸಿಗೆಯಲ್ಲಿ, ಎಳೇದಿದ್ದಾಗಲೇ ಕಿತ್ತು ಒಣಗಿಸಿದ್ರೆ ಅದೇ ಸಾಂಗ್ರಿ. ಅಪ್ಪನ ಹಿಂದಿ ಅಂದ್ರೆ ನಮ್ಮ ಕಡೆ ಸಂತೆಯಲ್ಲಿ ಕಲಿತ ಹಿಂದಿ, ಆ ಅಜ್ಜಿದು ಮಾರವಾಡಿ, ಆದ್ರೂ ಇಬ್ಬರಿಗೂ ಎಲ್ಲಾ ಅರ್ಥ ಆಗ್ತಿತ್ತು. ಹೊಲದ ನಡುವೆ ಮರ ಬಿಟ್ರೆ ನೆರಳಿಗೆ ಬೆಳೆ ಹೋಗಲ್ವಾ ಅಂತ ಅಪ್ಪ ಕೇಳಿದ್ರು. ಅಜ್ಜಿ ತಲೆ ಅಲ್ಲಾಡಿಸಿ, ಇದರ ಕೆಳಗಿನ ಸಜ್ಜೆನೇ ಎಲ್ಲಕ್ಕಿಂತ ಚೆನ್ನಾಗಿ ಬರುತ್ತೆ ಅಂದ್ರು. ಕಾರು ಹತ್ತಿದ ಮೇಲೆ ಅಪ್ಪ, "ನಮ್ಮ ಬದುವಿನ್ಯಾಗ ಎರಡು ಬನ್ನಿ ಇದ್ದೂವು, ಟ್ರ್ಯಾಕ್ಟರ್ ತಿರುಗಾಕ ಅಡ್ಡ ಬರ್ತಾವಂತ ನಾನ ಕಡಿಸಿದ್ದೆ" ಅಂದ್ರು. ಆಮೇಲೆ ಬಹಳ ದೂರ ಮಾತೇ ಆಡ್ಲಿಲ್ಲ.

ಫಲೋದಿಯಲ್ಲಿ ಉಳಕೊಂಡ್ವಿ. 2016ರ ಮೇ 19ಕ್ಕೆ 51 ಡಿಗ್ರಿ ಬಿಸಿಲು ದಾಖಲಾದ ಊರು ಇದು, ದೇಶದಲ್ಲೇ ಅತಿ ಹೆಚ್ಚು. ನಾವಿದ್ದ ರಾತ್ರಿ ಮಾತ್ರ ಫೋನ್ 6 ಡಿಗ್ರಿ ತೋರಿಸ್ತಿತ್ತು, ಒಂದೊಂದು ರಜಾಯಿ ಸಾಲದೆ ಇನ್ನೊಂದೊಂದು ಕೇಳಿ ತಗೊಂಡ್ವಿ. ಅಪ್ಪ ಕಂಬಳಿ ಹೊದ್ದು ಒಂದೇ ಮಗ್ಗುಲಲ್ಲಿ ಬೆಳತನಕ ನಿದ್ದೆ ಮಾಡಿದ್ರು. ಊಟಕ್ಕೆ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಕೇರ್-ಸಾಂಗ್ರಿ ಪಲ್ಯ (ಕೇರ್ ಅಂದ್ರೆ ಇಲ್ಲಿನ ಒಂದು ಸಣ್ಣ ಕಾಡುಕಾಯಿ), ಬೆಲ್ಲ, ತುಪ್ಪ. ರೊಟ್ಟಿ ನಮ್ಮದಕ್ಕಿಂತ ದಪ್ಪ, ಎಳ್ಳು ಇಲ್ಲ, ಬಿಸಿ ಇದ್ದಾಗಲೇ ಮುರಿದು ತುಪ್ಪ ಬೆಲ್ಲ ಕಲಸಿ ತಿಂತಾರೆ. ಸಂಕ್ರಾಂತಿಗೆ ಮನೇಲಿ ಸಜ್ಜಿ ರೊಟ್ಟಿ ತಿಂದು ನಾಲ್ಕು ದಿನ ಆಗಿತ್ತಷ್ಟೇ, ಆದ್ರೂ ಮಗಳು ಎರಡು ತಿಂದ್ಳು.

ದಿನ 3, ಖೀಚನ್, ಪೋಕರಣ್, ಜೈಸಲ್ಮೇರ್

ಈ ಪ್ರವಾಸದಲ್ಲಿ ಒಂದೇ ಒಂದು ಜಾಗ ನೋಡಬಹುದು ಅಂದ್ರೆ ನಾನು ಖೀಚನ್‌ಗೆ ಹೋಗ್ತೀನಿ. ಫಲೋದಿಯಿಂದ ಐದು ಕಿ.ಮೀ. ಅಷ್ಟೇ. ಬೆಳಿಗ್ಗೆ ಬೆಳಕು ಹರಿಯೋ ಮುಂಚೆ ಹೋಗ್ಬೇಕು. ಊರಂಚಿಗೆ ಬೇಲಿ ಹಾಕಿದ ಒಂದು ಬಯಲಿದೆ, ಚುಗ್ಗಾ ಘರ್ ಅಂತಾರೆ, ಅಂದ್ರೆ ಕಾಳಿನ ಮನೆ. ಪಕ್ಕದ ಮನೆಯ ಮಾಳಿಗೆ ಮೇಲೆ ಹತ್ತಿ ನೋಡೋಕೆ ಬಿಡ್ತಾರೆ. ನಾವು ಹತ್ತಿದಾಗ ಬಯಲು ಖಾಲಿ. ಆಕಾಶದಲ್ಲಿ ದೂರದಿಂದ ಒಂದು ಸದ್ದು, ಕರ್‌ಕರ್ ಅಂತ, ಬರ್ತಾ ಬರ್ತಾ ಜೋರಾಗಿ, ಆಮೇಲೆ ಗೆರೆ ಗೆರೆಯಾಗಿ ಹಕ್ಕಿ. ಕುರ್ಜಾ ಅಂತಾರೆ ಇಲ್ಲಿ, ಬೂದಿ ಬಣ್ಣದ ಕೊಕ್ಕರೆ ಜಾತಿ, ಕತ್ತು ಕಪ್ಪು, ಕಿವಿ ಹತ್ರ ಬಿಳಿ ಗರಿ. ಮಂಗೋಲಿಯಾ ಕಡೆಯಿಂದ ಬರ್ತವೆ, ಸೆಪ್ಟೆಂಬರ್ ಹೊತ್ತಿಗೆ ಬಂದ್ರೆ ಮಾರ್ಚ್ ತನಕ ಇರ್ತವೆ. ಮೊದಲು ಒಂದೂ ಇಳಿಯಲ್ಲ, ಮೇಲೇ ಸುತ್ತುತ್ತವೆ, ಹೊರಗೆ ಮರಳ ದಿಬ್ಬದ ಮೇಲೆ ಸೇರ್ತವೆ. ಆಮೇಲೆ ಒಂದು ಗುಂಪು ಧೈರ್ಯ ಮಾಡಿ ಬೇಲಿಯೊಳಗೆ ಇಳಿದಿದ್ದೇ ತಡ, ಹತ್ತು ನಿಮಿಷದಲ್ಲಿ ನೆಲ ಕಾಣದಷ್ಟು ಹಕ್ಕಿ. ಮಗಳು ಎಣಿಸೋಕೆ ಶುರು ಮಾಡಿ ಬಿಟ್ಟುಬಿಟ್ಳು.

ನಮ್ಮ ಜೊತೆ ಮಾಳಿಗೆ ಮೇಲಿದ್ದ ಊರಿನ ಹಿರಿಯರೊಬ್ರು ಹೇಳಿದ್ರು, ಮೊದಲೆಲ್ಲಾ ಪಾರಿವಾಳಕ್ಕೆ ಕಾಳು ಹಾಕ್ತಿದ್ರಂತೆ, ಅದಕ್ಕೆ ಇವೂ ಬರೋಕೆ ಶುರುವಾದ್ವು, ಬಂದವನ್ನ ಓಡಿಸೋದು ಹೆಂಗೆ ಅಂತ ಕಾಳು ಜಾಸ್ತಿ ಮಾಡಿದ್ರು. ಊರಿನ ಜೈನ ವ್ಯಾಪಾರಿ ಮನೆತನಗಳು ಬೇರೆ ಬೇರೆ ಊರಲ್ಲಿ ದುಡೀತಾ ಇದಕ್ಕೆ ದುಡ್ಡು ಕಳಿಸ್ತಾರೆ. ಯಾವ ಕಾಳು ಅಂತ ಅಪ್ಪ ಕೇಳಿದ್ರು. ಅವರು ಮುಷ್ಟಿ ಬಿಚ್ಚಿ ತೋರಿಸಿದ್ರು, ಬಿಳಿ ಜೋಳ. ಅಪ್ಪನ ಮುಖ ನೋಡಬೇಕಿತ್ತು. ನಾಲ್ಕು ಕಾಳು ಇಸ್ಕೊಂಡು ಅಂಗೈಲಿ ಉಜ್ಜಿ ನೋಡಿ, "ಮಂಗೋಲಿಯಾದಿಂದ ಬಂದು ಜ್ವಾಳ ತಿಂದು ಹೊಕ್ಕಾವ ಅಂದ್ರ..." ಅಂತ ಅಲ್ಲಿಗೇ ನಿಲ್ಲಿಸಿದ್ರು.

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇದೇ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಆ ಕಡೆಯಿಂದಲೇ ಬರ್ತವೆ ಅಂತ ನಾನು ಆ ಹಿರಿಯರಿಗೆ ಹೇಳಿದೆ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಮುಖ್ಯವಾದ ಕೆರೆ-ಜೌಗುಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ, ಖೀಚನ್ 2025ರಲ್ಲಿ. ಮನೆಯಿಂದ ಮಾಗಡಿ ಎಷ್ಟು ದೂರ ಅಂತ ಅವರು ಕೇಳಿದ್ರು. ಹತ್ತಿರವೇ ಇದ್ರೂ ಅಪ್ಪ ಒಮ್ಮೆಯೂ ಹೋಗಿರ್ಲಿಲ್ಲ, ಮಗಳೂ ನೋಡಿಲ್ಲ. ಬರೋ ಡಿಸೆಂಬರ್‌ಗೆ ಕರ್ಕೊಂಡು ಹೋಗಲೇಬೇಕು.

ಕಾಳು ಮುಗಿದ ಮೇಲೆ ಹಕ್ಕಿ ಕೆರೆ ಕಡೆ ಹಾರ್ತವೆ. ಅಲ್ಲಿ ನೀರಿನ ಅಂಚಿಗೆ ಸಾಲಾಗಿ ನಿಲ್ತವೆ, ಸುಮ್ಮನೆ ಒಂದು ಕಡೆ ಕೂತ್ರೆ ಹತ್ತಿರಕ್ಕೇ ಬರ್ತವೆ. ಗಾಢ ಬಣ್ಣದ ಬಟ್ಟೆ ಬೇಡ, ಓಡಾಡೋದು ಬೇಡ.

ಹನ್ನೊಂದಕ್ಕೆ ಹೊರಟು ರಾಮದೇವ್ರಾ. ರಾಮದೇವ್ ಪೀರ್ ಗುಡಿಗೆ ಹಿಂದೂಗಳೂ ಮುಸ್ಲಿಮರೂ ನಡ್ಕೋತಾರೆ, ಬಟ್ಟೆಯ ಕುದುರೆ ಹರಕೆ ಕೊಡ್ತಾರೆ, ಮಗಳು ಒಂದು ಸಣ್ಣ ಕುದುರೆ ಕೊಂಡ್ಳು. ಅಲ್ಲಿಂದ ಹನ್ನೆರಡು ಕಿ.ಮೀ. ಪೋಕರಣ್. ಅಣುಪರೀಕ್ಷೆ ಮಾಡಿದ ಜಾಗಕ್ಕೆ ಯಾರನ್ನೂ ಬಿಡಲ್ಲ, ಅದು ಸೇನೆಯ ಜಾಗ. 1974ರ ಮೇ 18ರ ಮೊದಲ ಪರೀಕ್ಷೆ ಹೊತ್ತಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಮುಖ್ಯಸ್ಥರಾಗಿದ್ದವರು ನಮ್ಮ ತುಮಕೂರು ಸೀಮೆಯ ರಾಜಾ ರಾಮಣ್ಣ ಅಂತ ಮಗಳಿಗೆ ಹೇಳ್ತಾ ಹೋದೆ. ಪೋಕರಣ್‌ನ ಕುಂಬಾರ ಓಣಿಯಲ್ಲಿ ಒಂದು ಗಂಟೆ ಕಳೆದ್ವಿ. ಇಲ್ಲಿನ ಕೆಂಪು ಮಡಕೆ ಹೆಸರುವಾಸಿ. ಒಂದು ಹೂಜಿ ಕೊಂಡು ಬಟ್ಟೆಯಲ್ಲಿ ಸುತ್ತಿ ನನ್ನಾಕಿ ಕಾಲ ಹತ್ರ ಇಟ್ಕೊಂಡು ಬಂದ್ಳು, ಹುಬ್ಬಳ್ಳಿ ತನಕ ಒಡೀದೆ ಬಂತು. ಅಲ್ಲಿಂದ ಜೈಸಲ್ಮೇರ್ 110 ಕಿ.ಮೀ., ರೋಡು ಎಷ್ಟು ಚೆನ್ನಾಗಿದೆ ಅಂದ್ರೆ ಕಣ್ಣು ಎಳೆಯುತ್ತೆ, ಗಂಟೆಗೊಮ್ಮೆ ಚಾಕ್ಕೆ ನಿಲ್ಲಿಸಲೇಬೇಕು.

ದಿನ 4, ಕುಲಧರಾ, ಖಡೀನ್, ಖುಡಿ

ಬೆಳಿಗ್ಗೆ ಜೈಸಲ್ಮೇರ್ ಕೋಟೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು, ಇವತ್ತಿಗೂ ಒಳಗೆ ಜನ ಮನೆ ಮಾಡ್ಕೊಂಡಿದ್ದಾರೆ. ಬಿಸಿಲು ಬಿದ್ರೆ ಹಳದಿ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತೆ. ಆದ್ರೆ ಒಳಗಿನ ಓಣಿಗಳಲ್ಲಿ ಚರಂಡಿ ನೀರು ಗೋಡೆಗೆ ಇಳಿದ ಗುರುತು ನೋಡಿ ಬೇಜಾರಾಯ್ತು. ಕೊಡದಲ್ಲಿ ನೀರು ಹೊರ್ತಿದ್ದ ಕಾಲಕ್ಕೆ ಕಟ್ಟಿದ ಕೋಟೆ, ಈಗ ಮನೆ ಮನೆಗೆ ನಲ್ಲಿ, ಬಳಸಿದ ನೀರು ಇಂಗಿ ಬುಡ ಸಡಿಲ ಆಗ್ತಿದೆ. ಅದಕ್ಕೇ ಕೋಟೆಯೊಳಗಿನ ಹೋಟೆಲ್ ಬಿಟ್ಟು ಹೊರಗೆ ರೂಮ್ ಮಾಡಿದ್ವಿ, ನೀವೂ ಹಾಗೇ ಮಾಡಿ ಅಂತ ಕೇಳ್ಕೊಳ್ತೀನಿ.

ಮಧ್ಯಾಹ್ನ ಕುಲಧರಾ. ಪಾಲಿವಾಲ್ ಬ್ರಾಹ್ಮಣರ ಊರು, ಹತ್ತೊಂಬತ್ತನೇ ಶತಮಾನದಲ್ಲಿ ಬಿಟ್ಟುಹೋದ್ರು. ದಿವಾನ ಸಾಲಿಂ ಸಿಂಗ್‌ನ ಕಾಟ ತಾಳದೆ ಒಂದೇ ರಾತ್ರಿ ಎಲ್ರೂ ಹೊರಟುಹೋದ್ರು ಅನ್ನೋ ಕಥೆ ಗೈಡ್‌ಗಳು ಹೇಳ್ತಾರೆ, ದೆವ್ವದ ಕಥೆನೂ ಸೇರಿಸ್ತಾರೆ. ನೀರು ಕಡಿಮೆಯಾಗ್ತಾ ಬಂದು ಊರು ನಿಧಾನಕ್ಕೆ ಖಾಲಿಯಾಯ್ತು ಅನ್ನೋ ವಾದವೂ ಇದೆ. ಸೂರು ಬಿದ್ದ ಕಲ್ಲಿನ ಮನೆಗಳು, ನೆಟ್ಟಗೆ ಹಾಕಿದ ಓಣಿಗಳು. ಅಪ್ಪ ದೆವ್ವದ ಕಥೆ ಕಿವಿಗೇ ಹಾಕ್ಕೊಳ್ಳಲಿಲ್ಲ. "ಇಷ್ಟ್ ದೊಡ್ಡ ಊರಂದ್ರ ಹೊಲ ಎಲ್ಲಿದ್ದೂವು?" ಅಂದ್ರು.

ಹೊಲ ಹುಡುಕ್ಕೊಂಡೇ ಹೊರಟ್ವಿ. ಖಾಬಾ ಕಡೆ ಹೋಗೋ ರೋಡಲ್ಲಿ ಎಲ್ಲಾ ಬರೀ ಕಲ್ಲು, ಕಂದು ಬಣ್ಣದ ಹಾಸುಬಂಡೆ, ಒಂದು ಗರಿಕೆನೂ ಇಲ್ಲ. ಒಂದು ತಿರುವು ಇಳಿದ್ವಿ ನೋಡಿ, ಇದ್ದಕ್ಕಿದ್ದ ಹಾಗೆ ಹಸಿರು. ಕಣ್ಣಿಗೆ ಹೊಡೆಯೋಷ್ಟು ಹಸಿರು. ಗೋಧಿ, ಅದರಾಚೆ ಕಡ್ಲಿ. ಪಂಪ್‌ಸೆಟ್ ಇಲ್ಲ, ಪೈಪ್ ಇಲ್ಲ, ಕಾಲುವೆ ಇಲ್ಲ. ಅಪ್ಪ ಚಪ್ಪಲಿ ಬಿಚ್ಚಿ ಬದುವಿನ ಮೇಲಿಟ್ಟು ಹೊಲದೊಳಗೆ ಇಳಿದ್ರು. ನಾನು ಅಪ್ಪಾ ಬ್ಯಾಡ, ಯಾರ ಹೊಲನೋ ಏನೋ ಅಂತ ಕೂಗ್ತಿದ್ದೆ, ಅಷ್ಟರಲ್ಲಿ ಹೊಲದವರೇ ಆಚೆ ದಂಡೆಯಿಂದ ಬಂದ್ರು. ಐವತ್ತೈದು ಅರವತ್ತರ ವಯಸ್ಸು, ಬಿಳಿ ಧೋತಿ, ಕೇಸರಿ ಪೇಟ. ಅಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ತೋರಿಸಿ, "ಪಾನಿ ಕಬ್ ದಿಯಾ?" ಅಂತ ಕೇಳಿದ್ರು. ಅವರು ನಕ್ಕು ಕೈ ಮೇಲೆತ್ತಿ ಆಕಾಶ ತೋರಿಸಿದ್ರು. ಸಾವನ್‌ನಲ್ಲಿ, ಅಂದ್ರೆ ಶ್ರಾವಣದಲ್ಲಿ, ಮೇಲಿನವನು ಕೊಟ್ಟಿದ್ದು ಅಷ್ಟೇ.

ಇದಕ್ಕೆ ಖಡೀನ್ ಅಂತಾರೆ. ಪಾಲಿವಾಲರು ಐನೂರು ವರ್ಷದ ಹಿಂದೆ ಇಲ್ಲಿ ರೂಢಿಗೆ ತಂದ ಪದ್ಧತಿ. ಸುತ್ತಲಿನ ಕಲ್ಲುಗುಡ್ಡದ ಮೇಲೆ ಬಿದ್ದ ಮಳೆ ಎಲ್ಲೂ ಇಂಗಲ್ಲ, ಹರಿದು ತಗ್ಗಿಗೆ ಬರುತ್ತೆ. ತಗ್ಗಿನ ಕೊನೆಗೆ ಉದ್ದಕ್ಕೆ ಒಂದು ಮಣ್ಣಿನ ದಂಡೆ, ಆಳೆತ್ತರದ್ದು, ಹೆಚ್ಚಾದ ನೀರು ಹೋಗೋಕೆ ಕಲ್ಲಿನ ಕೋಡಿ. ಮಳೆಗಾಲದಲ್ಲಿ ಅದು ಕೆರೆ. ಅಕ್ಟೋಬರ್ ನವೆಂಬರ್‌ಗೆ ನೀರು ಇಂಗಿ ಇಳಿದ ಮೇಲೆ ಅದೇ ಕೆರೆಯ ಅಂಗಳ ಹೊಲ ಆಗುತ್ತೆ, ಹಸಿ ಇರುವಾಗಲೇ ಬಿತ್ತಿಬಿಡೋದು. ಆಮೇಲೆ ಒಂದು ಹನಿನೂ ಕೊಡಲ್ಲ. ಒಂದು ಎಕರೆ ಬೆಳೆಗೆ ಹತ್ತು ಹದಿನೈದು ಎಕರೆ ಕಲ್ಲುಗುಡ್ಡದ ನೀರು ಬೇಕು, ಅದಕ್ಕೇ ಆ ಗುಡ್ಡದಲ್ಲಿ ಯಾರೂ ಕಲ್ಲು ತೆಗೀಬಾರದು, ಮನೆ ಕಟ್ಟಬಾರದು. ದಂಡೆಯ ಕೆಳಗೆ ಒಂದು ಬಾವಿ, ಇಂಗಿದ ನೀರು ಅಲ್ಲಿಗೆ ಬರುತ್ತೆ, ಕುಡಿದು ನೋಡಿದ್ವಿ, ಸಿಹಿ.

ಅಪ್ಪ ದಂಡೆ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ನೋಡಿದ್ರು. ಎರೆಹೊಲದ ಹಿಂಗಾರಿ ಅಂದ್ರೆ ನಮ್ಮಲ್ಲೂ ಇದೇ ಅಲ್ವಾ, ಸೆಪ್ಟೆಂಬರ್ ಮಳೆ ಹೀರಿದ ಕಪ್ಪು ಮಣ್ಣಿನ ಹಸಿ ಮೇಲೆ ಕಡ್ಲಿ, ಬಿಳಿ ಜೋಳ. ನಮ್ಮ ಅಜ್ಜನ ಕಾಲದಲ್ಲಿ ಹೊಲಕ್ಕೆ ದೊಡ್ಡ ಒಡ್ಡು ಇತ್ತು, ಕೋಡಿಗೆ ಕಲ್ಲು ಕಟ್ಟಿದ್ರು, ವರ್ಷಕ್ಕೊಮ್ಮೆ ಊರೋರೆಲ್ಲಾ ಸೇರಿ ಒಡ್ಡಿಗೆ ಮಣ್ಣು ಹಾಕ್ತಿದ್ರು. ಬೋರ್ ಬಂದ ಮೇಲೆ ಅದನ್ನ ಯಾರೂ ನೋಡ್ಲಿಲ್ಲ. ಇದನ್ನೆಲ್ಲಾ ಅಪ್ಪ ತಮ್ಮ ಹಿಂದಿಯಲ್ಲಿ ಅವರಿಗೆ ಹೇಳ್ತಾ ಇದ್ರು, ಅವರು ಒಂದೊಂದಕ್ಕೂ "ಹಾಂ ಸಾ, ಹಾಂ ಸಾ" ಅಂತಿದ್ರು. ಚಾ ತರಿಸಿದ್ರು, ಒಂಟೆ ಹಾಲಿನದು, ಸ್ವಲ್ಪ ಉಪ್ಪುಪ್ಪು. ಹೊರಡುವಾಗ ಪಶ್ಚಿಮದಲ್ಲಿ ಸಣ್ಣ ಮೋಡ ಇತ್ತು. ಚಳಿಗಾಲದಲ್ಲಿ ಒಂದು ಮಳೆ ಬರುತ್ತಂತೆ, ಮಾವಠ್ ಅಂತಾರೆ, ಕಾಳು ಕಟ್ಟೋ ಹೊತ್ತಿಗೆ ಅದು ಬಂದ್ರೆ ಚಿನ್ನ ಅಂದ್ರು. ಇಬ್ರೂ ಫೋನ್ ನಂಬರ್ ಬರ್ಕೊಂಡ್ರು. ಇವರು ಕನ್ನಡದಲ್ಲಿ, ಅವರು ಹಿಂದಿಯಲ್ಲಿ.

ರಾತ್ರಿ ಖುಡಿಯ ಮರಳ ದಿಬ್ಬದ ಹತ್ರ ಗುಡಿಸಲಲ್ಲಿ ಉಳಕೊಂಡ್ವಿ. ಎಲ್ರೂ ಹೋಗೋ ಸಮ್ ಅನ್ನೋ ಮರಳ ದಿಬ್ಬಗಳ ಜಾಗಕ್ಕಿಂತ ಇಲ್ಲಿ ಗದ್ದಲ ಕಡಿಮೆ, ಡಿಜೆ ಇಲ್ಲ, ವಯಸ್ಸಾದವರು ಜೊತೆಗಿದ್ರೆ ಇಲ್ಲಿಗೇ ಬನ್ನಿ. ಮಾಂಗಣಿಯಾರ್ ಸಮುದಾಯದ ಹಾಡುಗಾರರೊಬ್ರು ಕಮಾಯಚಾ ನುಡಿಸಿದ್ರು, ಮಾವಿನ ಕಟ್ಟಿಗೆಗೆ ಮೇಕೆ ಚರ್ಮ ಬಿಗಿದ ವಾದ್ಯ, ಅದರ ಸದ್ದು ಎದೆಯೊಳಗೆ ಹೋಗಿ ಕೂತ್ಕೊಳ್ಳುತ್ತೆ. ಮಗಳು ನಕ್ಷತ್ರ ನೋಡೋಕೆ ಅಂತ ಕಾದಿದ್ಳು, ಮೋಡ ಸರೀಲೇ ಇಲ್ಲ. "ದೇವ್ರೇ ಮೋಡ ಹೋಗ್ಲಿ" ಅಂತ ಅವಳು ಕಣ್ಣು ಮುಚ್ಕೊಂಡು ಬೇಡ್ಕೊಳ್ತಿದ್ರೆ ಅಪ್ಪ, "ಹಂಗ್ ಬೇಡ್ಕೋಬ್ಯಾಡವ್ವಾ, ಪಾಪ ಅವರ ಗೋಧಿಗೆ ಮಳಿ ಬೇಕಾಗೇತಿ" ಅಂದ್ರು. ಅವಳು ಸ್ವಲ್ಪ ಯೋಚನೆ ಮಾಡಿ, "ಹಂಗಾದ್ರೆ ನಾವು ಹೋದ್ ಮ್ಯಾಲೆ ಬರ್ಲಿ" ಅಂದ್ಳು.

ದಿನ 5, ತನೋಟ್, ಲೋಂಗೇವಾಲಾ

ಅತಿ ಉದ್ದದ ದಿನ, ಜೈಸಲ್ಮೇರ್‌ಗೆ ವಾಪಸ್ ಬಂದು ಅಲ್ಲಿಂದ ಸುತ್ತಿ ಬರೋದೇ ಸುಮಾರು 270 ಕಿ.ಮೀ. ರಾಮ್‌ಗಢದಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಊಟನೂ ಕಟ್ಟಿಸ್ಕೊಳ್ಳಿ, ಅದಾದ ಮೇಲೆ ನಂಬಿಕೊಂಡು ಹೋಗೋಕೆ ಏನೂ ಇಲ್ಲ, ಫೋನ್ ಸಿಗ್ನಲ್ ಕೂಡ ಹೋಗ್ಬಿಡುತ್ತೆ. ಆಫ್‌ಲೈನ್ ಮ್ಯಾಪ್ ಇಳಿಸಿಟ್ಕೊಂಡಿರ್ಬೇಕು.

ರಾಮ್‌ಗಢ ಸುತ್ತ ಇಂದಿರಾ ಗಾಂಧಿ ಕಾಲುವೆ ನೀರು ಬಂದಿದೆ. ಪಂಜಾಬಿನ ಹರಿಕೆ ಬ್ಯಾರೇಜ್‌ನಿಂದ ಹೊರಟ ನೀರು ಆರುನೂರು ಕಿ.ಮೀ. ದಾಟಿ ಇಲ್ಲಿ ತನಕ. ಮರಳಿನ ನಡುವೆ ಸಾಸಿವೆ ಹಳದಿಯಾಗಿ ಹೂ ಬಿಟ್ಟಿತ್ತು, ಜೀರಿಗೆ ಹೊಲಗಳು. ಚಾ ಅಂಗಡಿಯಲ್ಲಿ ಸಿಕ್ಕ ಜೀರಿಗೆ ರೈತರೊಬ್ರು ಆಕಾಶ ನೋಡಿ ಚಿಂತೆಯಲ್ಲಿದ್ರು. ಮೋಡ ಎರಡು ದಿನ ನಿಂತ್ರೆ ಜೀರಿಗೆಗೆ ರೋಗ ಬೀಳುತ್ತಂತೆ, ಮಳೆ ಬಂದ್ರೆ ಮುಗೀತಂತೆ. ನಿನ್ನೆ ಒಬ್ರು ಇದೇ ಮೋಡಕ್ಕೆ ಕೈ ಮುಗಿದಿದ್ರು. ಕಾಲುವೆ ನೀರು ಬಂದ ಮೇಲೆ ಒಂದೇ ಆಕಾಶದ ಕೆಳಗೆ ಇಬ್ಬರ ಬೇಡಿಕೆ ಬೇರೆ ಬೇರೆ ಆಗಿದೆ. ಅಪ್ಪನಿಗೆ ಇದು ಬಹಳ ಹೊತ್ತು ತಲೆಯಲ್ಲಿ ಕೊರೀತಿತ್ತು, ನಮ್ಮ ಕಡೆ ಮೆಣಸಿನಕಾಯಿ ಹಾಕಿದವರು, ಕಡ್ಲಿ ಹಾಕಿದವರು ಹಿಂಗೇ ಅಂದ್ರು.

ಪಾಕಿಸ್ತಾನ ಗಡಿ ಹತ್ರದ ತನೋಟ್ ಮಾತಾ ಗುಡಿ ಬಿಎಸ್‌ಎಫ್‌ನವರು (ಗಡಿ ಭದ್ರತಾ ಪಡೆ) ನೋಡ್ಕೊಳ್ತಾರೆ, ಪೂಜೆನೂ ಜವಾನರದ್ದೇ. 1965ರ ಯುದ್ಧದಲ್ಲಿ ಗುಡಿ ಸುತ್ತ ಬಿದ್ದ ಶೆಲ್‌ಗಳು ಸಿಡೀಲಿಲ್ಲ ಅನ್ನೋ ನಂಬಿಕೆ, ಸಿಡಿಯದ ಕೆಲವನ್ನ ಗುಡಿಯೊಳಗೆ ಇಟ್ಟಿದ್ದಾರೆ. ಹರಕೆಗೆ ಕಟ್ಟಿದ ಸಾವಿರಾರು ಕರವಸ್ತ್ರ. ನಾವು ಕನ್ನಡದಲ್ಲಿ ಮಾತಾಡೋದು ಕೇಳಿ ಒಬ್ಬ ಜವಾನ ತಿರುಗಿ, "ಯಾವೂರ್ರೀ?" ಅಂದ. ಬೆಳಗಾವಿ ಜಿಲ್ಲೆಯ ಹುಡುಗ. ಅಪ್ಪನ ಕಾಲಿಗೆ ನಮಸ್ಕಾರ ಮಾಡಿದ. ನನ್ನಾಕಿ ಬ್ಯಾಗಿನಲ್ಲಿದ್ದ ಶೇಂಗಾ ಹೋಳಿಗೆ ಡಬ್ಬಿ ಪೂರ್ತಿ ಅವನ ಕೈಗೆ ಕೊಟ್ಟುಬಿಟ್ಳು. ಅವನು ಒಂದು ಅಲ್ಲೇ ಮುರಿದು ಬಾಯಿಗೆ ಹಾಕ್ಕೊಂಡು ಆ ಕಡೆ ಮುಖ ಮಾಡಿದ. ಬೇಸಿಗೇಲಿ ಹೆಂಗಿರ್ತೀಯಪ್ಪಾ ಅಂತ ಅಪ್ಪ ಕೇಳಿದ್ರೆ, "ರೂಢಿ ಆಗೇತ್ರೀ ಅಜ್ಜಾರ" ಅಂದ ಅಷ್ಟೇ. ಲೋಂಗೇವಾಲಾ ರೋಡಲ್ಲಿ ಮರಳು ಬಿದ್ದಿರ್ತದೆ, ಡಾಂಬರ್ ಬಿಟ್ಟು ಒಂದು ಗಾಲಿನೂ ಇಳಿಸಬ್ಯಾಡ್ರಿ ಅಂತ ಎಚ್ಚರಿಕೆ ಹೇಳಿ ಕಳಿಸಿದ.

ಅಷ್ಟು ಹೇಳಿದ್ರೂ ಆಯ್ತು. ಎದುರಿಂದ ಸೇನೆಯ ಲಾರಿ ಬಂತು, ರೋಡು ಸಣ್ಣದು, ದಾರಿ ಬಿಡೋಕೆ ಎಡಕ್ಕೆ ತಗೊಂಡೆ, ಎಡಗಡೆ ಎರಡೂ ಗಾಲಿ ಮರಳಿಗೆ ಇಳಿದ್ವು. ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ಹೂತುಹೋಗ್ತಾ ಹೋಯ್ತು. ಮಧ್ಯಾಹ್ನ ಎರಡೂವರೆ, ಸುತ್ತ ಮರಳು, ಗಾಳಿ, ಸಿಗ್ನಲ್ ಇಲ್ಲ. ನನಗೆ ನಿಜವಾಗಿ ಭಯ ಆಯ್ತು, ಅಪ್ಪ ಮಗಳು ಇಬ್ರೂ ಜೊತೆಗಿದ್ರಲ್ಲ. ಇಪ್ಪತ್ತು ನಿಮಿಷಕ್ಕೆ ಒಂದು ಪಿಕಪ್ ಬಂತು, ಹಿಂದೆ ಆಡುಗಳು. ಡ್ರೈವರ್ ಇಳಿದವನೇ ನನ್ನನ್ನ ಸ್ಟೇರಿಂಗ್‌ನಿಂದ ಇಳಿಸಿದ. ನಾಲ್ಕೂ ಟೈರಿನ ಗಾಳಿ ಅರ್ಧಕ್ಕೆ ಇಳಿಸಿದ, ಗಾಲಿ ಮುಂದಿನ ಮರಳು ಕೈಯಿಂದ ಬಾಚಿ ತೆಗೆದ, ಪಕ್ಕದ ಒಣ ಪೊದೆ ಕಿತ್ತು ಗಾಲಿ ಕೆಳಗೆ ತುರುಕಿದ, ಅಪ್ಪ ತಮ್ಮ ಕಂಬಳಿ ತಂದು ಇನ್ನೊಂದು ಗಾಲಿ ಕೆಳಗೆ ಹಾಸಿದ್ರು. ಎರಡನೇ ಗೇರ್‌ನಲ್ಲಿ ನಿಧಾನಕ್ಕೆ, ಗಾಲಿ ನಿಂತಲ್ಲೇ ಗರಗರ ತಿರುಗದಂಗೆ ಎತ್ತಿದ, ಕಾರು ಮೇಲೆ ಬಂತು. ದುಡ್ಡು ಕೊಡೋಕೆ ಹೋದ್ರೆ ಮುಟ್ಟಲಿಲ್ಲ, ನೀರಿನ ಬಾಟಲಿ ಇದ್ರೆ ಒಂದು ಕೊಡಿ ಅಂದ. ಜೋಧ್‌ಪುರದಲ್ಲಿ ಕೊಂಡ ಪಂಪ್‌ನಿಂದ ಮತ್ತೆ ಗಾಳಿ ತುಂಬಿಸಿದ್ವಿ. ಕಂಬಳಿಗೆ ಒಂದು ತೂತು ಬಿತ್ತು, ಅಪ್ಪ ಅದನ್ನ ಝಾಡಿಸಿ ಮಡಚಿ ಮತ್ತೆ ಹೆಗಲ ಮೇಲೆ ಹಾಕ್ಕೊಂಡ್ರು.

ಲೋಂಗೇವಾಲಾದಲ್ಲಿ ಹಿಡಿದ ಪಾಕಿಸ್ತಾನಿ ಟ್ಯಾಂಕ್‌ಗಳು ನಿಂತಿವೆ. 1971ರ ಯುದ್ಧದಲ್ಲಿ ಡಿಸೆಂಬರ್ 4ರ ರಾತ್ರಿ ಇಲ್ಲಿ ನಮ್ಮ ಸೇನೆಯ ಸುಮಾರು 120 ಜನ ಬೆಳಗಿನ ತನಕ ತಡೆದು ನಿಂತಿದ್ದು, ಬೆಳಕಾದ ಮೇಲೆ ಜೈಸಲ್ಮೇರ್‌ನಿಂದ ನಮ್ಮ ವಾಯುಪಡೆಯ ಹಂಟರ್ ವಿಮಾನಗಳು ಬಂದಿದ್ದು. ಆ ಬಯಲಿನ ಗಾಳಿಯಲ್ಲಿ ಹತ್ತು ನಿಮಿಷ ನಿಂತ್ರೆ ಅದೆಂಥ ರಾತ್ರಿ ಇದ್ದಿರಬಹುದು ಅಂತ ಮೈ ಜುಂ ಅನ್ನುತ್ತೆ. ತಡ ಆಗಿದ್ದರಿಂದ ಬೇಗ ಹೊರಟ್ವಿ, ಆದ್ರೂ ಕೊನೆ ಅರ್ಧ ಗಂಟೆ ಕತ್ತಲಲ್ಲೇ ಓಡಿಸ್ಬೇಕಾಯ್ತು, ಒಂದು ನೀಲ್‌ಗಾಯ್ ಕಾರಿನ ಮುಂದೆಯೇ ಹಾರಿ ಹೋಯ್ತು.

ದಿನ 6, ವಾಪಸ್ ಜೋಧ್‌ಪುರ

ಬರೀ ರೋಡಿನ ದಿನ. ಜೈಸಲ್ಮೇರ್ ಹತ್ರ ಆಕಲ್‌ನಲ್ಲಿ 18 ಕೋಟಿ ವರ್ಷ ಹಳೇ ಮರಗಳು ಕಲ್ಲಾಗಿ ಬಿದ್ದಿರೋದು ನೋಡಿದ್ವಿ, ಒಂದು ಕಾಲಕ್ಕೆ ಇಲ್ಲಿ ಕಾಡಿತ್ತು. ಆಮೇಲೆ ದಾರಿಯುದ್ದ ಗಾಳಿಯಂತ್ರ, ಕರೆಂಟ್ ತಂತಿ. ಗೋಡಾವಣ್ ಹಕ್ಕಿ ಕಾಣುತ್ತಾ ಅಂತ ಕಿಟಕಿಯಿಂದ ನೋಡ್ತಾ ಬಂದ್ವಿ, ಕಾಣಲಿಲ್ಲ. ನಮ್ಮಲ್ಲಿ ಎರೆಭೂತ ಅಂತಾರಲ್ಲ, ಅದೇ ಹಕ್ಕಿ, ಅದು ಈ ತಂತಿಗಳಿಗೆ ಬಡಿದು ಸಾಯುತ್ತೆ. ಅಪ್ಪ ಸಣ್ಣವರಿದ್ದಾಗ ಎರೆಹೊಲದಲ್ಲಿ ಜೋಡಿ ನೋಡಿದ್ರಂತೆ. ಈಗ ಕರ್ನಾಟಕದಲ್ಲಿ ಸಿರುಗುಪ್ಪ ಕಡೆ ಬೆರಳೆಣಿಕೆ.

ದಿನ 7, ಖೇಜಡಲಿ

ರೈಲಿಗೆ ಟೈಮ್ ಇತ್ತು. ಜೋಧ್‌ಪುರದಿಂದ 26 ಕಿ.ಮೀ. ಖೇಜಡಲಿ ಅನ್ನೋ ಊರಿಗೆ ಹೋದ್ವಿ, ಮರ, ಪ್ರಾಣಿ ಕಾಯೋದೇ ಧರ್ಮ ಅಂತ ನಡ್ಕೊಳ್ಳೋ ಬಿಷ್ಣೋಯಿ ಸಮುದಾಯದ ಊರು. 1730ರಲ್ಲಿ ಅರಮನೆಗೆ ಸುಣ್ಣ ಸುಡೋಕೆ ಕಟ್ಟಿಗೆ ಬೇಕು ಅಂತ ರಾಜನ ಆಳುಗಳು ಇಲ್ಲಿಯ ಖೇಜಡಿ ಕಡಿಯೋಕೆ ಬಂದಾಗ ಅಮೃತಾ ದೇವಿ ಮರ ತಬ್ಬಿಕೊಂಡು ನಿಂತ್ರು, ಅವರನ್ನೂ ಸೇರಿಸಿ 363 ಜನ ಪ್ರಾಣ ಕೊಟ್ರು. ಸ್ಮಾರಕದ ಸುತ್ತ ಈಗ ತೋಪು ಇದೆ, ನವಿಲು ಓಡಾಡ್ತವೆ, ತುಂಬಾ ಶಾಂತ. ಅಪ್ಪ ಒಂದು ಮರದ ಬುಡಕ್ಕೆ ಕೈ ಹಚ್ಚಿ ಹಣೆಗೆ ಒತ್ತಿಕೊಂಡ್ರು, ದಸರಾಕ್ಕೆ ಬನ್ನಿಗಿಡಕ್ಕೆ ಮಾಡ್ತಾರಲ್ಲ ಹಾಗೆ. ಒಳಗಿದ್ದ ಒಬ್ಬ ಅಜ್ಜ ಬೀಜ ಕೊಟ್ರು, ರಾತ್ರಿ ಬಿಸಿನೀರಲ್ಲಿ ನೆನೆಸಿ ಬೆಳಿಗ್ಗೆ ಹಾಕಿ ಅಂತ ಹೇಳಿ ಕಳಿಸಿದ್ರು. ಜೋಧ್‌ಪುರ ಮಾರ್ಕೆಟ್‌ನಲ್ಲಿ ಅರ್ಧ ಕಿಲೋ ಒಣ ಸಾಂಗ್ರಿ ಕೊಂಡ್ವಿ, ರೇಟು ಬಾದಾಮಿ ಹತ್ರ ಹತ್ರ ಇದೆ, ಒಂದು ಹಿಡಿ ರಾತ್ರಿ ನೆನೆಸಿದ್ರೆ ನಾಲ್ಕು ಜನಕ್ಕೆ ಪಲ್ಯ ಆಗುತ್ತೆ.

ಊರಿಗೆ ಬಂದ ಮೇಲೆ ಅಪ್ಪ ಜೆಸಿಬಿಯವನನ್ನ ಕರೆಸಿ ಅಜ್ಜನ ಕಾಲದ ಒಡ್ಡು ತೋರಿಸಿದ್ದಾರೆ, ಮಾತುಕತೆ ನಡೀತಿದೆ. ಬೀಜ ಎಂಟು ಹಾಕಿದ್ರು, ಮೂರು ಮೊಳೆತಿವೆ.

ಫೆಬ್ರವರಿ ಮೊದಲ ವಾರ ನಾನು ಊರಲ್ಲಿದ್ದೆ, ಕಡ್ಲಿ ಕೀಳೋ ಆಳಿನ ಜೊತೆ. ಅಪ್ಪನ ಫೋನ್ ಬಾರಿಸ್ತು. ಖಡೀನ್ ಹೊಲದವರು. ಎರಡೂ ಕಡೆಯಿಂದ ಜೋರು ಜೋರಾಗಿ ಮಾತು, ಆ ಕಡೆ ದನಿ ನನಗೂ ಕೇಳಿಸ್ತಿತ್ತು. ಅಪ್ಪ ಫೋನ್ ಇಟ್ಟು ಮಗಳನ್ನ ಕರೆದ್ರು, ಅವಳು ಬದುವಿನ ಮೇಲೆ ಹಸಿ ಕಡ್ಲಿ ಸುಲೀತಾ ಕೂತಿದ್ಳು.

"ನಾವು ಬಂದು ಆರು ದಿನಕ್ಕ ಮಳಿ ಬಂತಂತ ನೋಡವ್ವಾ ಅಲ್ಲಿ," ಅಂದ್ರು.